ಹೊರಮಾವಿನ ಕೆಳಗೊಂದು ಮೆಟ್ರೊ

ನನ್ನ ಪುಟ್ಟ ಕಾರಿಗೆ ದೊಡ್ಡ ಚಕ್ರಗಳೇ ಬೇಕು ಅಂತ ಹಟ ಹಿಡಿದವನು ನಾನು. ಶಿವಾಜಿನಗರದ ಟೈರ್ ಅಂಗಡಿಯ ಭಾಯ್ ಮೊದಲೇ ಹೇಳಿದ್ದರು, "ಸಾರ್, ನೋಡಕ್ಕೆ ಮಸ್ತಾಗಿರ್ತದೆ. ಆದ್ರೆ ಹಿಂದೆ ಯಾರಾದ್ರೂ ಕೂತ್ರೆ ಹಂಪ್ಸಲ್ಲಿ ಟೈರು ಮೇಲಿನ ತಗಡಿಗೆ ಉಜ್ತದೆ."

"ಹಿಂದೆ ಯಾರೂ ಕೂರಲ್ಲ ಭಾಯ್" ಅಂದು ಹಾಕಿಸಿಬಿಟ್ಟೆ.

ಮರುದಿನವೇ ಅತ್ತೆ ಕೂತರು. ಹಲಸೂರಿನ ಮೊದಲ ಹಂಪ್ಸಿಗೇ ಕೆಳಗಿಂದ 'ಕರ್ರ್' ಅಂತ ಸದ್ದು.

"ಏನ್ರೀ ಅದು ಅಳಿಯಂದ್ರೇ?"

ನಿಮ್ಮ ತೂಕ ಅನ್ನೋಕಾಗುತ್ತಾ? "ಕೆಳಗೆ ಮೆಟ್ರೊಗೆ ಕೊರೀತಿದ್ದಾರೆ ಅತ್ತೆ" ಅಂದೆ.

ಹೊರಮಾವಿನಲ್ಲಿ ಅವರ ಮನೆ ಮುಂದಿನ ಹಂಪ್ಸಲ್ಲೂ ಕರ್ರ್ ಅಂದಿತು. ಅತ್ತೆಯ ಮುಖ ಅರಳಿತು. "ನಮ್ಮ ರೋಡಿಗೂ ಬಂದ್ಬಿಡ್ತಾ!" ಸಂಜೆಯೊಳಗೆ ಅಪಾರ್ಟ್‌ಮೆಂಟಿಗೆಲ್ಲ ಸುದ್ದಿ. ರೇಟು ಏರುತ್ತೆ ಅಂತ ಪಕ್ಕದ ಮನೆಯವರು ಫ್ಲ್ಯಾಟ್ ಮಾರುವುದನ್ನೇ ನಿಲ್ಲಿಸಿದರಂತೆ.

ಸುಳ್ಳು ಇನ್ನಷ್ಟು ಹಬ್ಬುವ ಮೊದಲೇ ಓಡಿಹೋಗಿ ಹಳೇ ಚಕ್ರಗಳನ್ನೇ ಹಾಕಿಸಿಕೊಂಡೆ. "ಹಿಂದೆ ಯಾರೋ ಕೂತ್ರಾ ಸಾರ್?" ಅಂತ ಭಾಯ್ ನಕ್ಕರು.

ಮುಂದಿನ ವಾರ ಅದೇ ಹಂಪ್ಸ್ ದಾಟಿದೆವು, ಸದ್ದೇ ಇಲ್ಲ. ಕಿವಿಗೊಟ್ಟು ಕೂತಿದ್ದ ಅತ್ತೆ ನಿಟ್ಟುಸಿರುಬಿಟ್ಟರು. "ಕೆಲಸ ನಿಲ್ಲಿಸ್ಬಿಟ್ರು ನೋಡಿ. ಈ ಸರ್ಕಾರದ ಹಣೆಬರಹಾನೇ ಇಷ್ಟು."

ನಾನೂ ಅವರ ಜೊತೆ ಸೇರಿಕೊಂಡು ಸರ್ಕಾರವನ್ನು ಮನಸಾರೆ ಬೈದೆ.