ಕುರಿಯ ಮೂಳೆ
ಅಯಾಕುಚೋ ಊರಿನ ಬೆನಿಲ್ಡಾ ಹಳೆಯ ಸಮಾಧಿಗಳಲ್ಲಿ ಸಿಕ್ಕ ಮೂಳೆಯ ಚೂರಿನಿಂದ ಕೊಲಾಜನ್ ಎಂಬ ಪ್ರೋಟೀನ್ ತೆಗೆದು ಪರೀಕ್ಷಿಸಿ, ಅದು ಯಾವ ಪ್ರಾಣಿಯದೆಂದು ಹೇಳುವವಳು. ಮದುವೆಯೂಟದಲ್ಲೂ ಸಾರಿನ ಮೂಳೆಯನ್ನು ಬೆಳಕಿಗೆ ಹಿಡಿದು, "ಎತ್ತಿಂದು ಅಂದ್ರಲ್ಲ, ಇದು ಕತ್ತೇದು" ಎಂದು ಬೀಗರ ಮಾನ ತೆಗೆಯುವಳು. ಯಾರು ಅತ್ತು ಕರೆದರೂ ಫಲಿತಾಂಶ ತಿದ್ದಿದವಳಲ್ಲ. ಸೈನಿಕರು ಎಳೆದೊಯ್ದ ಮಗನಿಗಾಗಿ ಗುಡ್ಡ ಅಗೆಯುವ ಮುದುಕಿ ತೆಯೋಫಿಲಾ ವರ್ಷವರ್ಷವೂ ಒಂದು ಚೂರು ತರುವಳು. "ಕುರೀದು ಕಣಮ್ಮ" ಎಂದರೆ, "ಹಂಗಾದ್ರೆ ನನ್ ಮಗ ಬದುಕವ್ನೆ" ಎಂದು ನಗುತ್ತ ಹೋಗುವಳು. ಈ ವರ್ಷದ ಚೂರು ಮನುಷ್ಯನದಾಗಿತ್ತು. ಯಾವ ಮನುಷ್ಯನದೆಂದು ಆ ಪರೀಕ್ಷೆ ಹೇಳದು. "ಈ ಸಲಾನೂ ಕುರೀನೇ ಏನವ್ವ?" ಎಂದು ಮುದುಕಿ ಕೇಳಿದಳು. "ಹ್ಞೂಂ, ಕುರೀನೇ" ಎಂದಳು ಬೆನಿಲ್ಡಾ. ಮುದುಕಿ ನಗುತ್ತ ಹೋದ ಮೇಲೆ ಆ ಚೂರನ್ನು ಕುರಿ ಮೂಳೆಗಳ ಡಬ್ಬಿಗೇ ಹಾಕಿದಳು.