ದುಡಿಯುವ ಕಾಲು

ಮಾದೇವ ಎಲ್ಲಿ ನಿಂತರೂ ಬಲಗಾಲಿನ ಮೇಲೆಯೇ ನಿಲ್ಲುತ್ತಿದ್ದ. ನಂಜನಗೂಡಿನ ಬಸ್ ಸ್ಟ್ಯಾಂಡಿರಲಿ, ಕಟಿಂಗ್ ಶಾಪಿರಲಿ, ಮದುವೆ ಊಟಕ್ಕೆ ಕಾಯುವ ಬಾಗಿಲಿರಲಿ, ಮೈಭಾರವನ್ನೆಲ್ಲ ಬಲಗಾಲಿಗೆ ಒಪ್ಪಿಸಿ, ಎಡಗಾಲಿನ ಹೆಬ್ಬೆರಳನ್ನಷ್ಟೇ ನೆಲಕ್ಕೆ ತಾಗಿಸಿಕೊಂಡಿರುತ್ತಿದ್ದ. ಹತ್ತಿರದಲ್ಲಿ ಕಂಬವೋ ಗೋಡೆಯೋ ಸಿಕ್ಕರೆ ಅದಕ್ಕೊಂದು ಭುಜ ಕೊಡುತ್ತಿದ್ದ. ಯಾಕೋ ಹೀಗೆ ನಿಲ್ಲುತ್ತೀಯ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು.

"ದುಡಿಯೋ ಕಾಲ್ನ ಬಿಟ್ಟಿ ನಿಲ್ಲಿಸ್ಬಾರ್ದು ಕಣ್ಲಾ."

ನಾವು ನಗುತ್ತಿದ್ದೆವು. ನಮ್ಮ ಫುಟ್‌ಬಾಲ್ ತಂಡದಲ್ಲಿ ಕೆಲವರು ಅವನ ಹಾಗೆಯೇ ನಿಲ್ಲುವುದನ್ನು ಕಲಿತರು. ಚೆನ್ನಾಗಿ ಆಡುವವನ ಚಪ್ಪಲಿಯನ್ನೂ ಅನುಕರಿಸುವ ವಯಸ್ಸು ಅದು.

ಅವನು ಮೊದಲಿನಿಂದಲೂ ಹಾಗೆ ನಿಲ್ಲುತ್ತಿದ್ದನೇ, ನಡುವೆ ಎಂದೋ ಶುರುವಾಯಿತೇ ಎಂಬುದನ್ನು ಈಗ ಎಷ್ಟು ಯೋಚಿಸಿದರೂ ನನಗೆ ಖಚಿತವಾಗುವುದಿಲ್ಲ. ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ತೆಗೆದು ನೋಡಿದರೆ ಪರೀಕ್ಷೆಯ ಭಯವಿದೆ, ಹಾಸ್ಟೆಲ್ ಸಾರಿನ ಬಗ್ಗೆ ದೂರಿದೆ, ನಾನು ಬಿಟ್ಟುಕೊಟ್ಟ ಗೋಲುಗಳಿಗೆ ಉದ್ದುದ್ದ ಸಮರ್ಥನೆಗಳಿವೆ. ಅವನ ಕಾಲಿನ ಬಗ್ಗೆ ಒಂದು ಸಾಲೂ ಇಲ್ಲ. ಮೊದಲ ವರ್ಷದ ತಂಡದ ಫೋಟೋ ಇದೆ. ಅದರಲ್ಲಿ ಅವನು ಚೆಂಡು ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದಾನೆ.

ಮಾದೇವನದು ಹದಿನಾರು ಎಂಬ ಊರು, ನನ್ನದು ಸೋಸಲೆ. ನಂಜನಗೂಡಿನಲ್ಲಿ ಡಿಗ್ರಿ ಓದುವಾಗ ಒಂದೇ ತಂಡದಲ್ಲಿದ್ದೆವು. ಅವನು ಮುಂದೆ, ಎಡಬದಿಯಲ್ಲಿ. ನಾನು ಗೋಲ್‌ಕೀಪರ್. ನನ್ನ ಹೆಸರು ಹಿಡಿದು ಅವನು ಎಂದೂ ಕರೆಯಲಿಲ್ಲ, 'ಸೋಸ್ಲೆ' ಎನ್ನುತ್ತಿದ್ದ. ಅವನ ಎಡಗಾಲು ಏನೆಂಬುದು ಅಭ್ಯಾಸದಲ್ಲಿ ಅವನೆದುರು ಗೋಲಿನಲ್ಲಿ ನಿಂತ ನನಗೆ ಗೊತ್ತು. ಬೇರೆಯವರು ಒದ್ದ ಚೆಂಡು ಬರುವುದು ಕಾಣುತ್ತಿತ್ತು. ಅವನು ಒದ್ದದ್ದು ಆಗಲೇ ಬಂದುಬಿಟ್ಟಿರುತ್ತಿತ್ತು.

ಆ ಕಾಲಿಗೆ ಅವನು ಒಂದು ಕೆಲಸ ವಹಿಸಿದ್ದ. ಹದಿನಾರಿನಲ್ಲಿ, ಕೆರೆ ಏರಿಯ ಪಕ್ಕದಲ್ಲೇ, ಅವನ ತಗಡಿನ ಮನೆ. ತಂದೆ ಇರಲಿಲ್ಲ. ತಾಯಿ ಕೆಂಪಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಯಾರ ಮನೆಗೆ ತಾರಸಿಯ ಕಾಂಕ್ರೀಟ್ ಬಿದ್ದರೂ ಅದರಲ್ಲಿ ಆಕೆಯ ತಲೆಯ ಮೇಲೆ ಹೋದ ಬಾಂಡ್ಲಿಗಳಿರುತ್ತಿದ್ದವು. ಈ ಕಾಂಕ್ರೀಟ್ ಹಾಕುವುದಕ್ಕೆ ನಮ್ಮ ಕಡೆ 'ಮೋಲ್ಡ್' ಎನ್ನುತ್ತಾರೆ. ಮಾದೇವನ ಮಾತೆಲ್ಲ ಕೊನೆಗೆ ಅಲ್ಲಿಗೇ ಬರುತ್ತಿತ್ತು.

"ನಮ್ಮವ್ವ ಊರೋರ್ ಮೋಲ್ಡ್‌ಗೆಲ್ಲ ಬಾಂಡ್ಲಿ ಹೊತ್ತವ್ಳೆ. ನಮ್ಮನೆ ಮೋಲ್ಡ್ ದಿನ ಕುರ್ಚಿ ಆಕಿ ಕೂರಿಸ್ತೀನಿ. ಕೈಗೆ ಒಂದ್ ಸೋಡಾ ಕೊಡ್ತೀನಿ. ಸುಮ್ನೆ ನೋಡ್ಕಂಡ್ ಇರ್ಬೇಕು."

ಕೊನೆಯ ವರ್ಷ ಮೈಸೂರಿನ ಒಂದು ಪಂದ್ಯದಲ್ಲಿ ಅವನ ಆಟ ನೋಡಿದ ಬೆಂಗಳೂರಿನ ಕ್ಲಬ್ಬಿನವರು ಕರೆ ಕಳಿಸಿದರು. ಎರಡು ವರ್ಷದ ಕರಾರು, ತಿಂಗಳ ಸಂಬಳ, ಇರಲು ರೂಮು. ಚೆನ್ನಾಗಿ ಆಡಿದರೆ ಮುಂದೆ ದೊಡ್ಡ ಲೀಗು. ನಮ್ಮ ಪಿ.ಟಿ. ಮೇಷ್ಟ್ರು ನಾಗರಾಜಪ್ಪನವರು ಸ್ಟಾಫ್ ರೂಮಿನಲ್ಲೆಲ್ಲ ಸ್ವೀಟು ಹಂಚಿದರು. ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಮೆಡಿಕಲ್ ಪರೀಕ್ಷೆ, ಆಮೇಲೆ ಸಹಿ. ಭಾನುವಾರ ಸಂಜೆಯವರೆಗೂ ಹೊರಟೆ ಹೊರಟೆ ಎನ್ನುತ್ತಿದ್ದವನು, ಸೋಮವಾರ ನಾನೂ ಮೇಷ್ಟ್ರೂ ಕಾಫಿಗೆ ಹೋದಾಗ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ.

ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು. "ಏನಯ್ಯಾ, ಇಲ್ಲೇ ಇದ್ದೀಯ?"

"ಓಗ್ಲಿಲ್ಲ ಸಾ."

"ಅದು ಕಾಣುತ್ತೆ. ಯಾಕೆ?"

"ಲೆಕ್ಕ ಆಕ್ದೆ ಸಾ. ಅವ್ರು ತಿಂಗ್ಳೆಲ್ಲ ಬೆಂಚ್ ಮ್ಯಾಲೆ ಕೂರ್ಸಿ ಕೊಡೋದ್ನ ಕೇರಳದಾಗೆ ವಾರಕ್ಕೇ ಕೊಡ್ತಾರೆ. ಆಡಿದ್ ದಿನ್ವೇ ಕೈಗೆ."

"ಗದ್ದೆ ಬಯಲಲ್ಲಿ ಏಳೇಳು ಜನ ಆಡೋ ಆಟಕ್ಕೆ ಹೋಗ್ತೀಯಾ? ನಿನ್ನ ಹೆಸರು ಯಾರಿಗಯ್ಯಾ ಗೊತ್ತಾಗುತ್ತೆ ಅಲ್ಲಿ?"

"ಎಸ್ರು ಮೋಲ್ಡ್ ಆಕ್ತದಾ ಸಾ?"

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಕಾಫಿ ಕುಡಿಯದೆ ಹೊರಟರು. "ಕಾಲು ಕೊಟ್ಟ ದೇವರು ನಿನಗೆ ತಲೆ ಕೊಡಲಿಲ್ಲ" ಎಂದು ಮೆಟ್ಟಿಲ ಮೇಲೆ ನಿಂತು ಬೈದದ್ದು ನನಗೆ ಚೆನ್ನಾಗಿ ನೆನಪಿದೆ. ಮಾದೇವ ತಲೆಯೆತ್ತದೆ ಇಡ್ಲಿಯನ್ನು ಸಾಂಬಾರಿನಲ್ಲಿ ಕಲಸುತ್ತಲೇ ಇದ್ದ. ಅವನು ತಿಂದನೋ ಇಲ್ಲವೋ ನೆನಪಿಲ್ಲ.

ಊರಿಗೆ ಊರೇ ಅವನನ್ನು ದುಡ್ಡಿನಾಸೆಯವನು ಎಂದಿತು. ನಾನೂ ನಂಬಿದೆ. ಆಟಗಾರನೊಬ್ಬ ಹಣಕ್ಕಾಗಿ ದಾರಿ ಬದಲಿಸಿದ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಆ ಒಂದು ಉತ್ತರದಲ್ಲೇ ಎಲ್ಲ ಮುಗಿದುಹೋಗುತ್ತದೆ. ಅವನಿಗೆ ಬೇಕಾಗಿದ್ದುದೂ ಅದೇ ಇರಬೇಕು.

ಅಲ್ಲಿಂದ ಮುಂದೆ ಚಳಿಗಾಲ ಬಂತೆಂದರೆ ಹದಿನಾರಿನ ಕೆರೆ ಏರಿಯ ಮೇಲೆ ಒಂದು ಬಿಳಿ ವ್ಯಾನು ಬಂದು ನಿಲ್ಲುತ್ತಿತ್ತು. ಗುಂಡ್ಲುಪೇಟೆಯ ರಾಜಣ್ಣ ಎಂಬಾತನದು. ಗಡಿಯಾಚೆಯ ಟೂರ್ನಮೆಂಟುಗಳಿಗೆ ಆಟಗಾರರನ್ನು ಒದಗಿಸುವುದು ಆತನ ಕಸುಬು. ಮೆತ್ತಗಿನ ಮಾತಿನ ಮನುಷ್ಯ. ಎಲ್ಲರನ್ನೂ 'ಚಿನ್ನ' ಎಂದೇ ಕರೆಯುತ್ತಿದ್ದ, ಬರುವಾಗ ಬಾಳೆಹಣ್ಣು ತರುತ್ತಿದ್ದ. ಜಾರುವ ಬಾಗಿಲನ್ನು ಸರ್ರೆಂದು ಎಳೆದು ಒಬ್ಬೊಬ್ಬರನ್ನೇ ಹತ್ತಿಸುವಾಗ ಮಾತ್ರ ಆತ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದ.

ಒಂದು ಸಲ ನಾನೂ ಜೊತೆಯಲ್ಲಿ ಹೋದೆ. ಆಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜೆಯಿತ್ತು. ಕೊಯ್ಲಾದ ಗದ್ದೆಯ ಸುತ್ತ ಮರದ ದಬ್ಬೆ ಕಟ್ಟಿ ಮಾಡಿದ ಗ್ಯಾಲರಿ, ಕಣ್ಣು ಕುಕ್ಕುವ ದೀಪಗಳು, ಮೈಕಿನಲ್ಲಿ ಅರ್ಥವಾಗದ ಮಲಯಾಳಂ, ನಡುವೆ ಅರ್ಥವಾಗುವ ಒಂದೇ ಶಬ್ದ: ಮಾದೇವ. ಜನ ಆ ಹೆಸರಿಗೆ ಎದ್ದು ನಿಲ್ಲುತ್ತಿದ್ದರು. ನಾಗರಾಜಪ್ಪ ಮೇಷ್ಟ್ರಿಗೆ ಇದನ್ನು ಹೋಗಿ ಹೇಳಬೇಕು ಅನ್ನಿಸಿತು.

ಅವನನ್ನು ಹುಡುಕಿಕೊಂಡು ಟಾರ್ಪಾಲಿನ ಹಿಂದಕ್ಕೆ ಹೋದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಡಗಾಲು ಚಾಚಿದ್ದ. ಬ್ಯಾಗು ಹಿಡಿದವನೊಬ್ಬ ಮಂಡಿಯ ಪಕ್ಕಕ್ಕೆ ಸೂಜಿ ಇಳಿಸುತ್ತಿದ್ದ. ರಾಜಣ್ಣ ಪಕ್ಕದಲ್ಲಿ ನಿಂತು "ಆಯ್ತು ಚಿನ್ನ, ಆಯ್ತು" ಎನ್ನುತ್ತ ಭುಜ ಸವರುತ್ತಿದ್ದ.

"ಆ ಕಡೆ ನೋಡ್ಲಾ ಸೋಸ್ಲೆ" ಎಂದ ಮಾದೇವ.

ಆ ಕಡೆ ನೋಡಿದೆ. ಅಂದು ಅವನು ಹೊಡೆದ ಗೋಲುಗಳೆಲ್ಲ ಎಡಗಾಲಿನವೇ. ಗ್ಯಾಲರಿಯಿಂದ ಓಡಿಬಂದ ಒಬ್ಬಾತ ಅವನ ಕಾಲ್ಚೀಲದೊಳಗೆ ನೋಟೊಂದನ್ನು ತುರುಕಿ ಆ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಬಂಡೀಪುರದ ಕಾಡಿನ ರಸ್ತೆಯನ್ನು ರಾತ್ರಿ ಮುಚ್ಚುತ್ತಾರೆ. ವಾಪಸು ಬರುವಾಗ, ಬೆಳಿಗ್ಗೆ ಗೇಟು ತೆಗೆಯುವವರೆಗೆ ನಮ್ಮ ವ್ಯಾನು ಲಾರಿಗಳ ಸಾಲಿನಲ್ಲಿ ನಿಂತಿತ್ತು. ಬೆಳಕು ಹರಿದಾಗ ಉಳಿದವರು ಟೀ ಅಂಗಡಿಗೆ ಹೋದರು. ಮಾದೇವ ಇಳಿಯಲು ನೋಡಿದ, ಆಗಲಿಲ್ಲ. ಪ್ಯಾಂಟು ಮೇಲಕ್ಕೆ ಸರಿಸಿದ. ಮಂಡಿಚಿಪ್ಪು ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಊದಿತ್ತು. ನಾನೇ ಟೀ ತಂದುಕೊಟ್ಟೆ.

"ಯಾವಾಗಿಂದ ಇದು?"

"ಸೆಕೆಂಡ್ ಇಯರ್‌ನಿಂದ. ನಮ್ಮೂರ್ ಕೆರೆ ಅಂಗ್ಳದಾಗೆ ಆಡ್ತಿದ್ವಲ್ಲ. ಒಣಗಿದ್ ಎಮ್ಮೆ ಎಜ್ಜೆ ಗುಂಡಿಗೆ ಕಾಲ್ ಸಿಕ್ಕಂಡು ತಿರುಗ್ತು. ಒಳ್ಗೆ ಏನೋ ಟಪ್ ಅಂತು. ಎದ್ದು ಗೋಲ್ ಒಡ್ದೆ, ಗೊತ್ತಾ?"

"ಡಾಕ್ಟರಿಗೆ ತೋರಿಸಲಿಲ್ವಾ?"

"ಮೈಸೂರ್‌ಗೆ ಒಬ್ನೇ ಓಗಿದ್ದೆ. ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸ್ಕಂಬಾ, ಆಪರೇಸನ್ ಆಗ್ಬೋದು, ಒಂದ್ ವರ್ಷ ಆಟ ಬಿಡು ಅಂದ್ರು. ಎದ್ ಬಂದ್ಬುಟ್ಟೆ."

ಆಗ ನನಗೆ ಆ ಸೋಮವಾರದ ಇಡ್ಲಿ ನೆನಪಾಯಿತು. "ಮತ್ತೆ ಬೆಂಗಳೂರು?"

"ಮೆಡಿಕಲ್ ಅಂದ್ರಲ್ಲ. ಮಿಸಿನ್ ಒಳಕ್ಕೆ ಕಾಲ್ ಇಟ್ರೆ ಎಲ್ಲ ಬರ್ಕೊಡ್ತಾರೆ. ಬರ್ದ್ ಮ್ಯಾಕೆ ಈ ರಾಜಣ್ಣನೂ ಕರ್ಯಾಕಿಲ್ಲ. ಇಲ್ಲಿ ಕಾಲ್ ಕೇಳ್ತಾರೆ ಕಣ್ಲಾ, ಕಾಗ್ದ ಕೇಳಾಕಿಲ್ಲ."

"ಊರೆಲ್ಲ ನಿನ್ನ ದುಡ್ಡಿನಾಸೆಯವನು ಅಂತಾರಲ್ಲೋ."

"ಅನ್ಲಿ ಬುಡು. ಆಸೆಬುರುಕ ಅನ್ನಿಸ್ಕಂಡೋನು ನಾಳೆನೂ ಆಡ್ಬೋದು. ಕುಂಟ ಅನ್ನಿಸ್ಕಂಡ್ರೆ?" ಟೀ ಲೋಟದ ತಳ ನೋಡಿದ. "ಮೋಲ್ಡ್ ಒಂದ್ ಆಗ್ಬುಡ್ಲಿ. ಆಮ್ಯಾಕೆ ಇದು ಏನ್ ಬೇಕಾದ್ರೂ ಆಗ್ಲಿ."

'ಇದು' ಎಂದಾಗ ಕಾಲನ್ನು ಅವನು ನೋಡಲಿಲ್ಲ. ಬಾಡಿಗೆಗೆ ತಂದ ಯಂತ್ರದ ಬಗ್ಗೆ ಹೇಳಿದಂತಿತ್ತು. ಗೇಟು ತೆರೆಯಿತು. ರಾಜಣ್ಣ ಬಂದು ಅವನ ಮಡಿಲಿಗೆ ಎರಡು ಬಾಳೆಹಣ್ಣು ಹಾಕಿ, ಬಾಗಿಲೆಳೆದ.

ಈ ಸಂಭಾಷಣೆಯನ್ನು ಇಷ್ಟು ಸಲೀಸಾಗಿ ಬರೆಯುತ್ತಿರುವುದರ ಬಗ್ಗೆ ನನಗೇ ಅನುಮಾನವಿದೆ. ಅವನು ಇದನ್ನೆಲ್ಲ ತುಂಡು ತುಂಡಾಗಿ, ನಡುನಡುವೆ ಬೇರೇನೋ ಹೇಳುತ್ತ ಹೇಳಿರಬೇಕು. ಆದರೆ ಕಾಲು ಮತ್ತು ಕಾಗದದ ಮಾತು ಅವನದೇ. ಅಷ್ಟು ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಪ್ರತಿ ಸೀಸನ್ನಿಗೂ ಅವನ ಮನೆ ಒಂದಷ್ಟು ಮೇಲೇಳುತ್ತಿತ್ತು. ಪಾಯ, ಆಮೇಲೆ ಗೋಡೆ, ಆಮೇಲೆ ಕಂಬಗಳ ತುದಿಯಲ್ಲಿ ಕಬ್ಬಿಣದ ಸರಳುಗಳು. ಆ ಸರಳುಗಳು ಮಳೆಗೆ ತುಕ್ಕು ಹಿಡಿಯುತ್ತ ಮುಂದಿನ ಚಳಿಗಾಲದ ವ್ಯಾನಿಗಾಗಿ ಕಾಯುತ್ತಿದ್ದವು. ಮನೆ ಏರಿದಷ್ಟೂ ಅವನ ನಡಿಗೆ ಇಳಿಯುತ್ತಿತ್ತು. ಕೇಳಿದವರಿಗೆ "ಬೂಟ್ ಕಚ್ತದೆ" ಎನ್ನುತ್ತಿದ್ದ.

ಮೋಲ್ಡ್‌ನ ದಿನ ನನ್ನನ್ನೂ ಕರೆದಿದ್ದ. ಮಿಕ್ಸರ್‌ಗೆ ಕುಂಕುಮ ಇಟ್ಟು ಕಾಯಿ ಒಡೆದರು. ಹೇಳಿದಂತೆಯೇ ಹೊಸ ಕುರ್ಚಿ ತಂದು ನೆರಳಿನಲ್ಲಿ ಹಾಕಿದ್ದ, ಸೋಡಾ ಕೂಡ ಇತ್ತು. ಕೆಂಪಮ್ಮ ಕುರ್ಚಿಯ ಹತ್ತಿರ ಬಂದವರು ಸೆರಗು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡರು.

"ಅವ್ವಾ, ಏನ್ ಮಾಡ್ತಿದ್ದೀಯೆ? ಕೂತ್ಕೋ."

"ಕೂರಕ್ಕೆ ನಂಗೇನಾಗದೆ? ನೀ ಕೂತ್ಕೋ ಮಗ."

"ಮಾನ ಕಳೀಬ್ಯಾಡ ಕಣವ್ವ, ಎಲ್ರೂ ನೋಡ್ತಾವ್ರೆ."

"ನೋಡ್ಲಿ ಅಂತ್ಲೇ ಕಣ್ಲಾ. ಇಷ್ಟ್ ದಿನ ಕಂಡೋರ್ ಮನೆಗೆ ಹೊತ್ತೆ." ಬಾಂಡ್ಲಿ ಎತ್ತಿಸಿಕೊಂಡು ಹೊರಟವರು ತಿರುಗಿ, ದನಿ ತಗ್ಗಿಸಿ, "ಆ ಕಾಲ್ನ ಕುರ್ಚಿ ಮ್ಯಾಲೆ ಚಾಚ್ಕೋ" ಎಂದರು.

ಅಂದರೆ ಆಕೆಗೆ ಗೊತ್ತಿತ್ತು. ಕೆಲಸದವರು ಸಾಲಾಗಿ ಬಾಂಡ್ಲಿ ದಾಟಿಸುತ್ತಿದ್ದರು, ಸಾಲಿನಲ್ಲಿ ಅವನ ತಾಯಿಯೂ ಇದ್ದರು, ಮನೆಯ ಯಜಮಾನ ಸೋಡಾ ಹಿಡಿದು ಕುರ್ಚಿಯಲ್ಲಿ ಕೂತಿದ್ದ. ಆ ಸೋಡಾವನ್ನು ಅವನು ಸಂಜೆಯವರೆಗೂ ಒಡೆಯಲಿಲ್ಲ.

ಆ ಚಳಿಗಾಲ ರಾಜಣ್ಣನ ವ್ಯಾನು ಬಂತು. ಏರಿಯ ಮೇಲೆ ಮಾದೇವ ನಡೆದು ಬರುವುದನ್ನು ರಾಜಣ್ಣ ಒಳಗಿನಿಂದಲೇ ನೋಡಿದ. ಬಾಗಿಲು ತೆರೆಯದೆ ಹೊರಟುಹೋದನಂತೆ. ಇದನ್ನು ಮಾದೇವನೇ ನನಗೆ ನಗುತ್ತ ಹೇಳಿದ. "ಚಿನ್ನ ಅಂತ್ಲೂ ಅನ್ಲಿಲ್ಲ ಕಣ್ಲಾ."

ನಾನು ಅವನನ್ನು ಕೊನೆಯ ಬಾರಿ ನೋಡಿದ್ದು ಹೋದ ಬೇಸಿಗೆಯಲ್ಲಿ. ಈಗ ನಾನು ತಿ. ನರಸೀಪುರದಲ್ಲಿ ಪಾಠ ಹೇಳುತ್ತೇನೆ. ರಜೆ ಸಿಕ್ಕ ದಿನ ಬೈಕಿನಲ್ಲಿ ಹದಿನಾರಿಗೆ ಹೋದೆ. ಮನೆಗೆ ಹಸಿರು ಬಣ್ಣ ಹೊಡೆಸಿದ್ದ, ತಾರಸಿಗೆ ಹೊರಗಿನಿಂದ ಮೆಟ್ಟಿಲು. ನಂಜನಗೂಡಿನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದ.

"ಈಗ ನಿಲ್ಲಕ್ಕೇ ಸಂಬ್ಳ ಕೊಡ್ತಾರೆ ಸೋಸ್ಲೆ" ಎಂದ. ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು.

ಕೆಂಪಮ್ಮ ಮಜ್ಜಿಗೆ ಕೊಟ್ಟರು. ಕುಡಿದು ಹೊರಗೆ ಬಂದಾಗ ಮಾದೇವ ಮೆಟ್ಟಿಲ ಬುಡದಲ್ಲಿ ಗೋಡೆ ಹಿಡಿದು ನಿಂತಿದ್ದ, ಬಲಗಾಲಿನ ಮೇಲೆ.

"ಮ್ಯಾಕೋಗಿ ನೋಡ್ಲಾ, ಕೆರೆ ಕಾಣ್ತದಾ ಅಂತ."

"ನೀನು ನೋಡಿಲ್ವಾ?"

"ಮೇಸ್ತ್ರಿ ಮೆಟ್ಲು ಎತ್ರ ಮಾಡ್ಬುಟ್ಟ."

ಮೆಟ್ಟಿಲು ಎತ್ತರವಿರಲಿಲ್ಲ. ನಾನು ಹತ್ತಿದೆ. ಮೇಲಿನಿಂದ ಕೆರೆ ಪೂರ್ತಿ ಕಾಣುತ್ತಿತ್ತು. ನೀರು ದೂರಕ್ಕೆ ಹಿಂದೆ ಸರಿದು, ಅಂಗಳ ಬಿರುಕುಬಿಟ್ಟು ಒಣಗಿತ್ತು. ಎಮ್ಮೆಗಳು ನಡೆದ ಗುಂಡಿಗಳು ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗಿರುವುದು ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಊರಿನ ಆಟಗಾರರು ಎರಡು ಕಲ್ಲಿಟ್ಟು ಗೋಲು ಮಾಡಿದ್ದರು. ಚೆಂಡು ದೂರ ಹೋಗಿತ್ತು, ಅದು ಬರುವವರೆಗೆ ಎಲ್ಲರೂ ನಿಂತಿದ್ದರು. ಬಲಗಾಲಿನ ಮೇಲೆ, ಎಡಗಾಲಿನ ಹೆಬ್ಬೆರಳನ್ನು ಮಾತ್ರ ನೆಲಕ್ಕೆ ತಾಗಿಸಿಕೊಂಡು. ಈ ಊರಿನಲ್ಲಿ ಆಟಗಾರ ಎಂದರೆ ಹಾಗೆ ನಿಲ್ಲುವವನು ಎಂದಾಗಿರಬೇಕು. ಅವರಲ್ಲೊಬ್ಬ ಉಳಿದವರಿಂದ ದೂರದಲ್ಲಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನೂ ಅನುಕರಿಸುತ್ತಿದ್ದನೋ, ಅವನಿಗೆ ನೋಯುತ್ತಿತ್ತೋ ಎಂದು ನಾನು ಬಹಳ ಹೊತ್ತು ನೋಡಿದೆ. ಹೇಳಲಾಗಲಿಲ್ಲ.

ಏರಿಯ ಮೇಲೆ, ಈ ಸಲ ಚಳಿಗಾಲಕ್ಕೂ ಕಾಯದೆ, ರಾಜಣ್ಣನ ಬಿಳಿ ವ್ಯಾನು ಬಂದು ನಿಂತಿತ್ತು.

"ಏನ್ಲಾ ಸೋಸ್ಲೆ, ಕಾಣ್ತದಾ?" ಎಂದು ಕೆಳಗಿನಿಂದ ಕೂಗಿದ.

"ಕಾಣುತ್ತೆ."

"ಎಂಗ್ ಆಡ್ತಾವ್ರೆ?"

"ಆಡ್ತಿಲ್ಲ. ನಿಂತಿದ್ದಾರೆ."

"ಎಂಗ್ ನಿಂತವ್ರೆ?"

ನಾನು ಉತ್ತರ ಹುಡುಕುತ್ತಿರುವಾಗಲೇ ಏರಿಯ ಕಡೆಯಿಂದ ಬಾಗಿಲು ಸರ್ರೆಂದು ಜಾರಿದ ಸದ್ದು ಬಂತು. ಕೆಳಗೆ ಅವನಿಗೂ ಕೇಳಿಸಿರಬೇಕು.