ಆಷಾಢಕ್ಕೊಂದು ಹಳೆ ಸೈಕಲ್

ಮದುವೆಯಾದ ಮೊದಲ ಆಷಾಢದಲ್ಲಿ ಹೆಂಡತಿಯನ್ನು ತವರಿಗೆ ಕಳಿಸಬೇಕು. ಅಳಿಯನಾದವನು ಆ ತಿಂಗಳು ಅತ್ತೆ ಇರುವ ಮನೆಯ ಹೊಸಿಲು ತುಳಿಯಬಾರದು. ಈ ಕಟ್ಟಳೆ ಮಾಡಿದವನಿಗೆ ಮದುವೆಯೇ ಆಗಿರಲಿಲ್ಲ ಎಂಬುದು ನನ್ನ ಗುಮಾನಿ. ನನ್ನವಳು ನಂದಿಗುಡಿಯ ಬಸ್ಸು ಹತ್ತಿದ ಮೇಲೆ ದಾವಣಗೆರೆಯ ಮನೆಯಲ್ಲಿ ನಾನೂ ಅವ್ವನೂ ಮುಖ ಮುಖ ನೋಡಿಕೊಂಡು ಉಂಡೆವು. ನನಗೆ ಅವಳನ್ನು ನೋಡಬೇಕಿತ್ತು, ಅಷ್ಟೇ. ಹಾಗೆಂದು ಹೇಳಲು ಬಾಯಿ ಬರಲಿಲ್ಲ.

ಆಗ ಹೊಳೆದದ್ದು ಬೈಕ್‌ಪ್ಯಾಕಿಂಗ್. ಸೈಕಲ್ಲಿನ ಫ್ರೇಮಿಗೆ, ಹ್ಯಾಂಡಲ್ಲಿಗೆ, ಸೀಟಿನ ಹಿಂದಕ್ಕೆ ಚೀಲ ಕಟ್ಟಿಕೊಂಡು ಊರೂರು ಸುತ್ತುವುದು, ಟೆಂಟಿನಲ್ಲಿ ಮಲಗುವುದು. ಯಾರ ಹೊಸಿಲನ್ನೂ ತುಳಿಯುವ ಪ್ರಮೇಯವೇ ಇಲ್ಲ. ಸಮುದ್ರದವರೆಗೆ ಹೋಗುತ್ತೇನೆ ಎಂದು ಸಾರಿದೆ. ದಾರಿಯಲ್ಲಿ ಹರಿಹರ, ಆಮೇಲೆ ನಂದಿಗುಡಿ ಸಿಗುತ್ತವೆ ಎಂಬುದನ್ನು ಸಣ್ಣ ದನಿಯಲ್ಲಿ ಸೇರಿಸಿದೆ.

ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಆಷಾಢದಾಗೆ ಹೊಸ ಗಾಡಿ ಮನಿಗೆ ತರಬಾರ್ದು."

"ಹಳೇದಾದ್ರೆ?"

"ಹಳೇದಕ್ಕೇನು. ಯಾರೋ ಯಾವಾಗ್ಲೋ ಪೂಜೆ ಮಾಡಿರ್ತಾರೆ."

ಆವರಗೆರೆಯಲ್ಲಿ ಒಬ್ಬರ ಹಿತ್ತಲಲ್ಲಿ ಹಸಿರು ಬಣ್ಣದ ಉಕ್ಕಿನ ಫ್ರೇಮ್ ಸಿಕ್ಕಿತು. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಸೀಟಿನ ಜಾಗದಲ್ಲಿ ಜೇಡ ಸಂಸಾರ ಹೂಡಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು, ಸೈಕಲ್ ಅಂಗಡಿ ಇಟ್ಟಿರುವ ನನ್ನ ಶಾಲೆಯ ಗೆಳೆಯನ ಹತ್ತಿರ ಹೋದೆ. ಅವನು ಅದನ್ನು ತಟ್ಟಿ ನೋಡಿ, "ಮಜಬೂತ್ ಐತೆ. ಬಾಕಿ ಎಲ್ಲಾ ಹೊಸಾವು ತರಿಸ್ಲಾ?" ಎಂದ.

"ಬ್ಯಾಡ. ಎಲ್ಲಾ ಹಳೇವೇ ಆಗ್ಬೇಕು," ಎಂದು ಅವ್ವನ ಕಾನೂನು ಹೇಳಿದೆ.

"ಹಂಗಾದ್ರೆ ಶ್ರಾವಣದಾಗೆ ಕಟ್ಟೋಣ ಬಿಡು."

"ಶ್ರಾವಣಕ್ಕೆ ಅವಳೇ ಬರ್ತಾಳೆ."

ಅವನು ಕೈ ಒರೆಸಿಕೊಂಡು ಅವತ್ತೇ ಕೆಲಸಕ್ಕೆ ಕೂತ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯೋಜನೆ ಹಾಕುವ ರುಚಿ ಹತ್ತಿದ ಮೇಲೆ ನಾನು ಹೇಗೆ ಸುಮ್ಮನಿರಲಿ? ಟೆಂಟು ಹ್ಯಾಂಡಲ್ಲಿಗೋ ಸೀಟಿನ ಹಿಂದಕ್ಕೋ ಎಂದು ದಿನವೆಲ್ಲ ವಾದ ಮಾಡಿದೆ. ದಪ್ಪ ಟಯರು ಹುಡುಕಿಸಿದೆ. ಏರು ಹತ್ತಲು ಹಗುರವಾದ ಗೇರೇ ಬೇಕೆಂದು ಹಟ ಹಿಡಿದೆ.

"ನಂದಿಗುಡಿ ದಾರ್ಯಾಗೆ ಘಟ್ಟ ಯಾವಾಗ ಬಂತು? ಬರೀ ಭತ್ತದ ಗದ್ದೆ ಅಲ್ಲೇನಪ್ಪಾ?" ಎಂದ ಗೆಳೆಯ.

"ನಾನು ಹೋಗೋದು ಸಮುದ್ರಕ್ಕೆ."

"ಹೌದ್ಹೌದು," ಎಂದು ಅವನು ಮುಖ ಆಚೆ ತಿರುಗಿಸಿದ.

ಸಂಜೆ ಸಂಜೆ ಹೆಂಡತಿಯ ಫೋನು. ನಾನು ಗೇರಿನ ಪುರಾಣ ಬಿಚ್ಚುತ್ತಿದ್ದೆ, ಅವಳು ಹೂಂಗುಟ್ಟುತ್ತಿದ್ದಳು. ಒಂದು ಸಂಜೆ, "ರೀ, ಅಮಾಸಿಗೆ ಆಷಾಢ ಮುಗಿತೈತೆ," ಎಂದಷ್ಟೇ ಹೇಳಿ ಫೋನಿಟ್ಟಳು. ಮರುದಿನ ಗೆಳೆಯ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ.

ಅಷ್ಟರಲ್ಲಿ ಚೈನು ಕೈಕೊಟ್ಟಿತು. ಸವೆದ ಹಳೆಯ ಚೈನು ಹಲ್ಲಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಹೊಸದೇ ಬೇಕಾಗಿತ್ತು. ಗೆಳೆಯ ಹೊಸ ಚೈನನ್ನು ಮೊದಲು ತನ್ನ ಸೈಕಲ್ಲಿಗೆ ಹಾಕಿ, ಓಣಿಯಲ್ಲಿ ಗಂಭೀರವಾಗಿ ಒಂದು ಸುತ್ತು ಹೊಡೆದು ಬಂದು, ಬಿಚ್ಚಿ ನನ್ನ ಕೈಗಿಟ್ಟ. "ತಗೋ. ಈಗ ಸೆಕೆಂಡ್ ಹ್ಯಾಂಡ್ ಆತು."

ಸೈಕಲ್ಲು ಮನೆಗೆ ಬಂದಾಗ ಅವ್ವ ಚೈನು ಮುಟ್ಟಿ, ಬೆರಳಿಗೆ ಹತ್ತಿದ ಮಸಿ ನೋಡಿ, "ಹಳೇದೇ," ಎಂದು ಒಪ್ಪಿದಳು. ಹಳೆಯ ರೆಕ್ಸಿನ್ ಹರಿದು ಫ್ರೇಮಿನ ನಡುವಿಗೆ ಮೂರು ಮೂಲೆಯ ಚೀಲ ಹೊಲಿದು ಕೊಟ್ಟವಳೂ ಅವಳೇ. ಹೊರಡುವ ಬೆಳಿಗ್ಗೆ ಅದರೊಳಗೆ ಜಾಗ ಉಳಿದಿರಲಿಲ್ಲ. ಶೇಂಗಾ ಚಟ್ನಿಪುಡಿ, ಎಳ್ಳುಂಡೆ, ಒಂದು ಮೊಳ ಮಲ್ಲಿಗೆ.

"ಇದ್ಯಾರಿಗೆ?" ಎಂದೆ.

"ಸಮುದ್ರದ ದಂಡ್ಯಾಗೆ ಯಾರಾದ್ರೂ ಸಿಕ್ರೆ ಕೊಡು," ಎಂದಳು ಅವ್ವ, ನಗದೆ.

ನಂದಿಗುಡಿಯ ಮನೆ ಮುಂದೆ ಇಳಿದಾಗ ಅತ್ತೆ ಬಾಗಿಲಲ್ಲೇ ಇದ್ದರು. ಹೊರಗೇ ಟೆಂಟ್ ಹಾಕಿಕೊಳ್ಳುತ್ತೇನೆ, ಒಳಗೆ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಕಲಿತು ಬಂದದ್ದನ್ನು ಒಪ್ಪಿಸಿದೆ. ಅವರು ಒಳಗೆ ಹೋಗಿ ಒಂದು ಕೈಚೀಲ ಹಿಡಿದು ಹೊರಬಂದರು. "ಅತ್ತಿ ಇರೋ ಮನಿಗೆ ಬರಬಾರ್ದು ಅಂತ ಐತೆ. ನಾನೀಗ ತಂಗಿ ಮನಿಗೆ ಹೊಂಟೆ. ನೀವು ಒಳಗೆ ಬರ್ರಿ," ಎಂದು ಓಣಿ ದಾಟಿ ಹೋಗಿಯೇಬಿಟ್ಟರು.

ನನ್ನವಳು ಬಾಗಿಲಿಗೆ ಬಂದಳು. ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿದ್ದವು.

"ಬಸ್ಸಿಗೆ ಬಂದಿದ್ರೆ ಆಗ್ತಿರಲಿಲ್ಲೇನ್ರಿ? ನಾನು ಬಂದ ಮರುದಿನದಿಂದ ನಮ್ಮವ್ವ ಆ ಕೈಚೀಲ ತುಂಬಿಟ್ಕೊಂಡು ನಿಮ್ಮ ದಾರಿ ಕಾಯ್ತಿದ್ಲು."

ಆಷಾಢ ಮುಗಿಯಲು ಇನ್ನು ಎರಡೇ ದಿನವಿತ್ತು. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ.